ಮೂವತ್ತೊಂದನೆಯ ದಿನ

ಕೋಲ್ಕತ್ತಾದ ಅಂಚಿನ ಜೋಕಾದಲ್ಲಿ, ಆ ಮೂರನೇ ಮಹಡಿಯ ಮನೆಯಲ್ಲಿ ಜನವರಿಯ ಎರಡನೇ ವಾರದಿಂದ ಬೆಳಿಗ್ಗೆ ಎರಡು ಕುಕ್ಕರುಗಳು ಕೂಗತೊಡಗಿದವು. ದೊಡ್ಡದು ಮನೆಯವರಿಗೆ. ಸಣ್ಣದು, ಸರೋಜಿನಿ ಹಿಂದೆಂದೂ ಕಂಡು ಕೇಳದ ಒಬ್ಬ ಮನುಷ್ಯನಿಗೆ. ಅವನ ಹೆಸರು ನಿಮಾಯಿ ಮೊಂಡಲ್. ಪೊಲಾಶ್‌ಹಾಟಿ ಎಂಬ ಹಳ್ಳಿಯವನು, ಮೂರು ಗಾಲಿಯ ಸೈಕಲ್ ವ್ಯಾನಿನಲ್ಲಿ ತರಕಾರಿ ಹೇರಿಕೊಂಡು ಸಂತೆಗೆ ಹೋಗಿ ಬರುತ್ತಿದ್ದವನು. ಜನವರಿ ಐದರ ಭಾನುವಾರ, ಮಂಜು ಇಳಿಯುವ ಹೊತ್ತಿಗೆ, ಅವನ ವ್ಯಾನಿಗೆ ಹಿಂದಿನಿಂದ ಕಾರು ಗುದ್ದಿಸಿದವನು ಸರೋಜಿನಿಯ ಮಗ ವೈಭವ್.

ವೈಭವ್ ಮತ್ತು ಅವನ ಹೆಂಡತಿ ನವ್ಯಾ ನದಿ ದಂಡೆಯ ಕಡೆ ಊಟಕ್ಕೆಂದು ಹೋಗಿ ವಾಪಸು ಬರುತ್ತಿದ್ದರು. ವ್ಯಾನಿನ ಹಿಂದೆ ಕೆಂಪು ದೀಪ ಇರಲಿಲ್ಲ, ನಿಜ. ಕಾರು ಹೋಗಬೇಕಾದದ್ದಕ್ಕಿಂತ ಜೋರಾಗಿ ಹೋಗುತ್ತಿತ್ತು, ಅದೂ ನಿಜ. ಮೊದಲನೇ ನಿಜವನ್ನು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಎರಡನೆಯದನ್ನು ವೈಭವ್ ಒಬ್ಬನೇ, ಅದೂ ಒಂದೇ ಸಲ ಹೇಳಿ ಸುಮ್ಮನಾಗಿದ್ದ.

ಒಂದು ಮಾತಿಗೆ ಹುಡುಗನನ್ನು ಮೆಚ್ಚಬೇಕು. ಅವನು ಓಡಿಹೋಗಲಿಲ್ಲ. ಗಂಡ ಹೆಂಡತಿ ಇಬ್ಬರೂ ಸೇರಿ ಗಾಯಗೊಂಡವನನ್ನು ಕಾರಿಗೆ ಹಾಕಿಕೊಂಡು ಹತ್ತಿರದ ನರ್ಸಿಂಗ್ ಹೋಮಿಗೆ ತಂದರು. ಪೊಲೀಸ್ ಠಾಣೆಯಲ್ಲಿ ಕೇಸಾಯಿತು, ಜಾಮೀನೂ ಆಯಿತು. ಕಾಲು ಮುರಿದದ್ದು ದೊಡ್ಡ ವಿಷಯವಲ್ಲ, ತಲೆಗೆ ಬಿದ್ದ ಪೆಟ್ಟೇ ಭಯ ಎಂದರು ಡಾಕ್ಟರು. ನಿಮಾಯಿ ಕಣ್ಣು ಬಿಡುತ್ತಿದ್ದ, ಹೆಂಡತಿಯ ದನಿ ಬಂದ ಕಡೆ ತಿರುಗುತ್ತಿದ್ದ. ನುಂಗಲು ಮಾತ್ರ ಆಗುತ್ತಿರಲಿಲ್ಲ. ಮೂಗಿನಿಂದ ಹೊಟ್ಟೆಗೆ ಇಳಿಸಿದ ನಳಿಗೆಯಲ್ಲಿ ತಿಳಿಯಾದದ್ದನ್ನು ಹೊಯ್ಯಬೇಕಿತ್ತು. ಸರೋಜಿನಿಯ ಸಣ್ಣ ಕುಕ್ಕರು ಹಾಗೆ ಶುರುವಾದದ್ದು. ಊರಿಂದ ತರಿಸಿದ ಕುಚ್ಚಲಕ್ಕಿಯನ್ನು ಚೆನ್ನಾಗಿ ಬೇಯಿಸಿ, ರುಬ್ಬಿ, ಎರಡೆರಡು ಸಲ ಬಟ್ಟೆಯಲ್ಲಿ ಸೋಸಿ, ಫ್ಲಾಸ್ಕಿಗೆ ತುಂಬಿ ಒಂಬತ್ತರೊಳಗೆ ಕಳಿಸುತ್ತಿದ್ದಳು. ಆ ಗಡಿಬಿಡಿಯಲ್ಲಿ ಮನೆಯವರ ಸಾಂಬಾರಿಗೆ ಉಪ್ಪು ಮರೆತುಹೋಗುತ್ತಿತ್ತು.

"ಅತ್ತೆ, ಇವತ್ತೂ ಉಪ್ಪಿಲ್ಲ" ಎಂದಳು ನವ್ಯಾ. ಅವಳು ಬೆಂಗಳೂರಿನವಳು, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವ ಪೈಕಿ.

"ಹಾಕಿಕೊಳ್ಳಿ ಮೇಲಿಂದ. ನನಗೆ ಎಷ್ಟು ಕೈ ಉಂಟು?" ಎಂದಳು ಸರೋಜಿನಿ.

ಅಪಘಾತವಾದ ನಾಲ್ಕನೇ ದಿನ ಸಂಜೆ ಊಟದ ಮೇಜಿನ ಮೇಲೆ ಮೂವತ್ತು ದಿನದ ಲೆಕ್ಕವೊಂದರ ಮಾತು ಬಂತು. ತಂದದ್ದು ಮಗಳು ಕ್ಷಮಾ. ಅವಳ ಕೆಲಸವೇ ಪೊಲಾಶ್‌ಹಾಟಿಯೂ ಸೇರಿದ ಆ ಹಳ್ಳಿಗಾಡಿನ ಜಿಲ್ಲೆಯ ರಸ್ತೆ ಸಾವುಗಳ ಲೆಕ್ಕ ಹಿಡಿಯುವುದು. ಒಂದು ಸಂಸ್ಥೆಯ ಪರವಾಗಿ ಠಾಣೆಯಿಂದ ಠಾಣೆಗೆ ಅಲೆದು, ಯಾವ ತಿರುವಿನಲ್ಲಿ ಯಾರು ಸತ್ತರು, ಯಾವ ಗಾಡಿ ಗುದ್ದಿತು, ಹೋದ ವರ್ಷಕ್ಕಿಂತ ಸಾವು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಬರೆದುಕೊಂಡು ಬಂದು ವರದಿ ಮಾಡುತ್ತಿದ್ದಳು. ಮೂರು ವರ್ಷದಿಂದ ಸಾವು ಇಳಿಯುತ್ತಾ ಬಂದಿದೆ ಎಂದು ಅವಳಿಗೆ ಸ್ವಲ್ಪ ಹೆಮ್ಮೆಯೂ ಇತ್ತು, ಸಾವು ಇಳಿಸಿದವಳು ತಾನೇ ಎಂಬಂತೆ. ಮದುವೆಯ ಸಂಬಂಧ ಕೇಳಿದವರಿಗೆ ಸರೋಜಿನಿ ಈ ಕೆಲಸವನ್ನು "ಏನೋ ಕಂಪ್ಯೂಟರಿನದ್ದು" ಎಂದು ಹೇಳಿ ಮುಗಿಸುತ್ತಿದ್ದಳು.

"ಅಣ್ಣನ ಕೇಸು ನಿನ್ನ ಲಿಸ್ಟಿನಲ್ಲಿ ಬರ್ತದಾ?" ಎಂದು ಕೇಳಿದರು ಅವಳ ಅಪ್ಪ ರತ್ನಾಕರರು.

"ಬರ್ತದೆ. ಈಗ ದೊಡ್ಡ ಗಾಯದ ಕಾಲಮ್‌ನಲ್ಲಿ ಉಂಟು."

"ಮತ್ತೆ ಅವ ಒಂದು ವೇಳೆ..."

"ಮೂವತ್ತು ದಿನದ ಒಳಗೆ ತೀರಿಕೊಂಡ್ರೆ ಡೆತ್ ಕಾಲಮ್‌ಗೆ ಹೋಗ್ತದೆ. ಮೂವತ್ತನೇ ದಿನ ನಮ್ಮ ಆಫೀಸಿಂದ ಅವರ ಮನೆಗೆ ಫೋನ್ ಮಾಡಿ ಕೇಳ್ತಾರೆ. ಇದ್ದಾರೆ ಅಂದ್ರೆ ಎಂಟ್ರಿ ಹಾಗೇ ಕ್ಲೋಸ್."

"ಮೂವತ್ತೊಂದನೇ ದಿನ ಹೋದ್ರೆ?"

ಕ್ಷಮಾ ಸಾರು ಬಡಿಸಿಕೊಳ್ಳುತ್ತಿದ್ದಳು. "ಆಗ ಅದು ರೋಡ್ ಡೆತ್ ಅಲ್ಲ" ಎಂದಳು. ಆಮೇಲೆ ತಟ್ಟೆ ನೋಡಿಕೊಂಡು, "ನಮ್ಮ ಲೆಕ್ಕದಲ್ಲಿ" ಎಂದು ಸೇರಿಸಿದಳು.

ಆ ಕೊನೆಯ ಎರಡು ಪದಗಳನ್ನು ಮೇಜಿನ ಸುತ್ತ ಕೂತವರು ಯಾರೂ ಎತ್ತಿಕೊಳ್ಳಲಿಲ್ಲ. ರತ್ನಾಕರರು ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಕಳೆದವರು, ಅದರಲ್ಲಿ ಇಪ್ಪತ್ತಾರು ಈ ಕೋಲ್ಕತ್ತಾದಲ್ಲೇ. ಗಡುವು ಎಂದರೆ ಅವರಿಗೆ ಗಡುವು. ಗಡುವಿನ ಒಳಗಿದ್ದದ್ದು ಒಂದು ಬಗೆ, ದಾಟಿದ್ದು ಇನ್ನೊಂದು ಬಗೆ. ಮಗ ವೈಭವನೂ ನಗರದ ನಡುವಿನ ಬಿಬಿಡಿ ಬಾಗಿನ ಬ್ಯಾಂಕಿನಲ್ಲೇ ಇದ್ದ, ಪ್ರಮೋಷನ್ನಿನ ಇಂಟರ್‌ವ್ಯೂ ಮಾರ್ಚಿನಲ್ಲಿತ್ತು. ಗಾಯದ ಕೇಸು ಹೇಗೋ ಮುಗಿದೀತು, ಮನುಷ್ಯ ಸತ್ತ ಕೇಸಾದರೆ ಪ್ರಮೋಷನ್ ಹೋಗಲಿ, ಕೆಲಸಕ್ಕೇ ಸಂಚಕಾರ. ಊಟ ಮುಗಿಸಿ ಕೈ ತೊಳೆದು ಬಂದ ರತ್ನಾಕರರು, ಉಡುಪಿಯಿಂದ ತರಿಸಿದ ಕ್ಯಾಲೆಂಡರಿನ ಮುಂದೆ ನಿಂತು, ಫೆಬ್ರವರಿ ನಾಲ್ಕರ ಮೇಲೆ ಪೆನ್ಸಿಲಿನಿಂದ ಒಂದು ಸಣ್ಣ ಗೀಟು ಎಳೆದರು.

"ಅಲ್ಲಿವರೆಗೆ ಅವನಿಗೆ ಯಾವುದೂ ಕಡಿಮೆ ಆಗಬಾರದು" ಎಂದರು.

ಯಾವುದೂ ಕಡಿಮೆಯಾಗಲಿಲ್ಲ. ಹೇಳಲೇಬೇಕು, ಆ ಮನೆಯವರು ನಿಮಾಯಿಯನ್ನು ತಮ್ಮವನಂತೆ ನೋಡಿಕೊಂಡರು. ರತ್ನಾಕರರು ಡಾಕ್ಟರ ಹಿಂದೆ ಬಿದ್ದು ಒಳ್ಳೆಯ ಔಷಧಿಯನ್ನೇ ಬರೆಸಿದರು. ನವ್ಯಾ ಆಫೀಸಿಗೆ ರಜೆ ಹಾಕಿ ಸ್ಕ್ಯಾನಿಂಗಿಗೆ ಓಡಾಡಿದಳು. ಸರೋಜಿನಿ ದಿನಾ ಮಧ್ಯಾಹ್ನ ಹೋಗಿ ನಿಮಾಯಿಯ ಹೆಂಡತಿ ಮಿನೋತಿಯ ಪಕ್ಕ ಬೆಂಚಿನ ಮೇಲೆ ಕೂರುತ್ತಿದ್ದಳು. ಮಿನೋತಿಗೆ ಮೂವತ್ತೆಂಟಿರಬಹುದು. ಮನೆಯಲ್ಲೇ ಕೂತು ಸೀರೆಗೆ ಜರಿ ಹಾಕುವವಳು, ಬೆರಳ ತುದಿಗಳೆಲ್ಲ ಸೂಜಿ ಚುಚ್ಚಿ ಗಟ್ಟಿಯಾಗಿದ್ದವು. ಮೊದಲ ಎರಡು ದಿನ ಸರೋಜಿನಿಯನ್ನು ಕಂಡರೆ ಮುಖ ತಿರುಗಿಸಿದಳು. ಮೂರನೇ ದಿನ ಫ್ಲಾಸ್ಕಿನ ಮುಚ್ಚಳ ತೆಗೆದು ಮೂಸಿ ನೋಡಿ, ಮೊದಲ ಸಲ ಅವಳನ್ನು ಮಾಶಿಮಾ, ಅಂದರೆ ದೊಡ್ಡಮ್ಮ, ಎಂದು ಕರೆದಳು.

"ಇದು ನಮ್ಮ ಫೇನಾ ಭಾತಿನ ಹಾಗೇ ಇದೆ, ಮಾಶಿಮಾ. ಇವರಿಗೆ ಬೆಳಿಗ್ಗೆ ಅದೇ ಆಗಬೇಕು."

"ನಮ್ಮಲ್ಲೂ ಅದೇ" ಎಂದಳು ಸರೋಜಿನಿ ತನ್ನ ಮುರುಕು ಬಂಗಾಳಿಯಲ್ಲಿ. "ಬೆಳಿಗ್ಗೆ ಗಂಜಿ."

ಅಂದಿನಿಂದ ಇಬ್ಬರೂ ಮಾತಾಡತೊಡಗಿದರು. ಮನೆಗೆ ಬಂದು ಸರೋಜಿನಿ ಮಿನೋತಿಯ ಸಮಾಚಾರವನ್ನೇ ಹೇಳುತ್ತಿದ್ದಳು. ಅವಳ ಗಂಡನ ಅಣ್ಣ ಹೇಗೆ ಗದರುತ್ತಾನೆ, ಅತ್ತೆ ಹೇಗೆ ಅವಳ ಕಾಲ್ಗುಣವನ್ನು ಎತ್ತಿ ಆಡುತ್ತಾಳೆ, ಮಗಳು ಎಂಟನೇ ಕ್ಲಾಸಿನಲ್ಲಿ ಎಷ್ಟು ಚುರುಕು, ಎಲ್ಲ.

"ಅಮ್ಮ, ಅವರ ಧಾರಾವಾಹಿ ಸಾಕು" ಎಂದ ವೈಭವ್ ಒಂದು ದಿನ, ಚಪಾತಿ ಹರಿಯುತ್ತಾ.

"ನೀನು ಒಮ್ಮೆಯಾದರೂ ಹೋಗಿ ಮುಖ ತೋರಿಸಿದ್ದಿಯಾ?"

"ಹೋಗಿ ಎಂತ ಹೇಳಲಿ?"

"ಎಂತದೂ ಹೇಳಬೇಡ. ಕೂತು ಬಾ."

ವೈಭವ್ ಚಪಾತಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. ರತ್ನಾಕರರು ಹೆಂಡತಿಯ ಮೇಲೆ ರೇಗಿದರು. "ಅವನನ್ನು ಕುಟುಕಬೇಡ ಅಂತ ಎಷ್ಟು ಸಲ ಹೇಳುವುದು? ಅವನು ನಿದ್ದೆ ಮಾಡಿ ಎಷ್ಟು ದಿನ ಆಯ್ತು ಅಂತ ನಿನಗೆ ಗೊತ್ತುಂಟಾ?"

"ಗೊತ್ತುಂಟು. ನಾನೇ ಹೆತ್ತದ್ದು" ಎಂದಳು ಸರೋಜಿನಿ.

ಹದಿನೆಂಟನೇ ದಿನ ನಿಮಾಯಿಯನ್ನು ಮನೆಗೆ ಕಳಿಸಿದರು. ಇನ್ನು ಆಸ್ಪತ್ರೆಯಲ್ಲಿ ಮಾಡುವಂಥದ್ದು ಏನಿಲ್ಲ, ಆರೈಕೆ ಮುಖ್ಯ, ಎರಡು ಮೂರು ತಿಂಗಳಲ್ಲಿ ನುಂಗುವುದನ್ನು ಕಲಿತಾನು ಎಂದರು ಡಾಕ್ಟರು. ಮೂಗಿನ ನಳಿಗೆ ಹಾಗೇ ಇತ್ತು. ರತ್ನಾಕರರು ರೋಗಿಗಳ ಆರೈಕೆಗೆ ಹೆಂಗಸರನ್ನು ಕಳಿಸುವ ಆಯಾ ಸೆಂಟರಿಗೆ ಫೋನ್ ಮಾಡಿ, ಬೆಳಿಗ್ಗೆ ಎಂಟರಿಂದ ಸಂಜೆ ಎಂಟರವರೆಗೆ ಪೊಲಾಶ್‌ಹಾಟಿಯಲ್ಲಿ ಇರುವಂತೆ ಒಬ್ಬ ಆಯಾಳನ್ನು ಗೊತ್ತು ಮಾಡಿದರು.

ಆಯಾ ಗಟ್ಟಿ ಹೆಂಗಸು. ಬಂದ ದಿನವೇ ಗೋಡೆಗೆ ಒರಗಿಸಿದ ದಿಂಬುಗಳ ಮೇಲೆ ನಿಮಾಯಿಯನ್ನು ಎತ್ತಿ ಕೂರಿಸಿ, ಅವನು ನೆಟ್ಟಗೆ ಕೂತಿದ್ದಾನೆಂದು ಖಾತ್ರಿಯಾದ ಮೇಲೆಯೇ ನಳಿಗೆಗೆ ಗಂಜಿ ಹೊಯ್ದಳು. ಹೊಯ್ದ ಮೇಲೂ ಅರ್ಧ ಗಂಟೆ ಮಲಗಿಸಲಿಲ್ಲ. "ಮಲಗಿಸಿ ಕೊಟ್ಟರೆ ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳೀತದೆ" ಎಂದಳು ಸರೋಜಿನಿಗೆ. ಮಿನೋತಿ ಆಗ ಹೊರಗೆ ಬಾವಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು. ಇದನ್ನು ಅವಳಿಗೂ ಕಲಿಸಬೇಕು ಎಂದು ಸರೋಜಿನಿಗೆ ಅನ್ನಿಸಿತು. ಆಯಾ ಇದ್ದಾಳಲ್ಲ ಎಂದು ಮತ್ತೆ ಸುಮ್ಮನಾದಳು.

ದಿನ ಬಿಟ್ಟು ದಿನ ಅವಳು ಗಂಜಿಯ ಫ್ಲಾಸ್ಕಿನೊಂದಿಗೆ ಬಸ್ಸು ಹಿಡಿದು, ಬಸ್ಸಿಳಿದು ಬ್ಯಾಟರಿಯ ಟೋಟೋ ಹತ್ತಿ ಅಲ್ಲಿಗೆ ಹೋಗುತ್ತಿದ್ದಳು. ಇಪ್ಪತ್ತನಾಲ್ಕನೇ ದಿನ ನಿಮಾಯಿ ಅವಳ ಕೈ ಹಿಡಿದುಕೊಂಡ. ಯಾರೆಂದು ತಿಳಿದು ಹಿಡಿದನೋ, ಸುಮ್ಮನೆ ಹಿಡಿದನೋ, ಬೆರಳಂತೂ ಬಿಡಲಿಲ್ಲ. ಮಿನೋತಿ ಅತ್ತಳು, ಸರೋಜಿನಿಯೂ ಅತ್ತಳು. ಹೊರಡುವಾಗ ಮಿನೋತಿ ಒಂದು ಮಡಕೆ ನೊಲೆನ್ ಗುಡ್, ಚಳಿಗಾಲದ ಹೊಸ ಖರ್ಜೂರದ ಬೆಲ್ಲ, ಅವಳ ಚೀಲದಲ್ಲಿಟ್ಟಳು. "ನಮ್ಮದೇ ಮರದ್ದು. ಇವರೇ ಹತ್ತಿ ಇಳಿಸಬೇಕಿತ್ತು. ಈ ಸಲ ಭಾವ ಇಳಿಸಿದರು."

ಫೆಬ್ರವರಿ ನಾಲ್ಕಕ್ಕೆ ಇನ್ನೂ ಆರು ದಿನ ಇತ್ತು.

ಆ ದಿನವೂ ಬಂತು. ಕೆಳಗಿನ ಗಲ್ಲಿಯಲ್ಲಿ ಹಿಂದಿನ ದಿನ ಪೂಜೆಗೆ ಕೂರಿಸಿದ್ದ ಸರಸ್ವತಿಯ ಮೂರ್ತಿಯನ್ನು ಮುಳುಗಿಸಲು ಒಯ್ಯುವ ಗಲಾಟೆ. ಸಂಜೆ ಆರಕ್ಕೆ ಕ್ಷಮಾ ಬಂದು ಚಪ್ಪಲಿ ಬಿಡುವ ಮೊದಲೇ ರತ್ನಾಕರರು ಎದುರಿಗೆ ನಿಂತಿದ್ದರು.

"ಫೋನ್ ಮಾಡಿದ್ರಾ?"

"ಮಾಡಿದ್ರು. ಬೇರೆ ಹುಡುಗಿ ಮಾಡಿದ್ದು, ನಾನಲ್ಲ."

"ಎಂತ ಹೇಳಿದ್ರು ಅವರು?"

"ಇದ್ದಾರೆ, ಚೆನ್ನಾಗಿದ್ದಾರೆ ಅಂದ್ರಂತೆ. ಕ್ಲೋಸ್ ಆಯ್ತು."

ರತ್ನಾಕರರು ಕುರ್ಚಿಯಲ್ಲಿ ಕೂತು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸರೋಜಿನಿ ಒಳಗೆ ಹೋಗಿ, ಮಿನೋತಿ ಕೊಟ್ಟ ಅದೇ ಬೆಲ್ಲ ಹಾಕಿ ಅಕ್ಕಿ ಪಾಯಸ ಮಾಡಿದಳು. ಒಂದು ತಿಂಗಳಾದ ಮೇಲೆ ವೈಭವ್ ಎರಡನೇ ಸಲ ಬಡಿಸಿಕೊಂಡು ತಿಂದ. ಅವನು ತಿನ್ನುವುದನ್ನು ನೋಡಿ ಸರೋಜಿನಿಗೆ ಹೊಟ್ಟೆ ತುಂಬಿತು. ತಾಯಿಯಾದವಳಿಗೆ ಅದು ತಪ್ಪೆಂದು ಹೇಳುವುದು ಹೇಗೆ?

ಊಟವಾದ ಮೇಲೆ ರತ್ನಾಕರರು ಫೋನ್ ಎತ್ತಿಕೊಂಡರು. ಆಯಾ ಸೆಂಟರಿನವನ ಜೊತೆ ಮಾತಾಡುತ್ತಿದ್ದಾರೆಂದು ಸರೋಜಿನಿಗೆ ಅಡುಗೆಮನೆಯಿಂದಲೇ ತಿಳಿಯಿತು.

"ನಾಳೆಯಿಂದ ಬೇಡ ಅಂದ್ರಾ?" ಎಂದು ಬಂದು ಕೇಳಿದಳು.

"ಇನ್ನೆಷ್ಟು ದಿನ? ಅದಕ್ಕೊಂದು ಕೊನೆ ಬೇಡವಾ? ಮೂವತ್ತು ದಿನ ನಾವು ಮಾಡುವಷ್ಟು ಮಾಡಿದ್ದೇವೆ. ಅವರ ಮನೆಯಲ್ಲೂ ಜನ ಇದ್ದಾರೆ."

"ಮಿನೋತಿಗೆ ನಳಿಗೆಯಲ್ಲಿ ಕೊಡಲಿಕ್ಕೆ ಗೊತ್ತಿಲ್ಲ. ನಾಲ್ಕು ದಿನ ಆಯಾ ಜೊತೆಗಿದ್ದು ಕಲಿಸಿದ್ರೆ..."

"ಅದರಲ್ಲಿ ಕಲಿಯುವುದು ಎಂತ ಉಂಟು? ಹೊಯ್ಯುವುದಲ್ವಾ?"

ಸರೋಜಿನಿ ಮೇಜಿನ ಮೇಲಿನ ಪಾಯಸದ ಬಟ್ಟಲುಗಳನ್ನು ಎತ್ತತೊಡಗಿದಳು. ಬಸ್ಸು, ಟೋಟೋ, ಬಟ್ಟೆಯಲ್ಲಿ ಸೋಸುವುದು, ಮೊಣಕಾಲು ನೋವು, ಎಲ್ಲ ಒಮ್ಮೆಲೇ ನೆನಪಾಯಿತು. ಸಾಕಪ್ಪ ಎನ್ನಿಸಿತು. ಇದನ್ನು ಅವಳು ಆಮೇಲೆ ತನಗೆ ತಾನೇ ಎಷ್ಟು ಸಲ ಒಪ್ಪಿಕೊಂಡಳೋ ಲೆಕ್ಕವಿಲ್ಲ. ಆ ಹೊತ್ತು ಅವಳಿಗೆ ಹಗುರವೇ ಆಗಿತ್ತು. ಮರುದಿನ ಬೆಳಿಗ್ಗೆ ಒಂದೇ ಕುಕ್ಕರು ಕೂಗಿತು. ಸಾಂಬಾರಿಗೆ ಉಪ್ಪು ಸರಿಯಾಗಿತ್ತು.

ಶನಿವಾರ ಮಧ್ಯಾಹ್ನ ಠಾಣೆಯಿಂದ ಫೋನು. ವೈಭವನೇ ಎತ್ತಿದ. ನಿಮಾಯಿ ಮೊಂಡಲ್ ಶುಕ್ರವಾರ ಸಂಜೆ ತೀರಿಕೊಂಡ, ಶವಪರೀಕ್ಷೆ ಆಗಿದೆ, ಕೇಸಿನ ಸೆಕ್ಷನ್ ಬದಲಾಗುತ್ತದೆ, ಸೋಮವಾರ ಬಂದು ಕಾಣಬೇಕು. ವೈಭವ್ ಫೋನನ್ನು ಮೇಜಿನ ಮೇಲಿಟ್ಟು, ಅದನ್ನು ನೇರ ಮಾಡಿ, ಮತ್ತೆ ನೇರ ಮಾಡಿ, "ಹೋದರಂತೆ" ಎಂದ. ಸರೋಜಿನಿ ಹಿಟ್ಟು ಕಲಸುತ್ತಿದ್ದ ಕೈಯಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ಸೆಕ್ಷನ್ ಹೇಗೆ ಬದಲಾಗ್ತದೆ?" ರತ್ನಾಕರರು ಮೊದಲು ಕೇಳಿದ್ದು ಅದು. "ಇವತ್ತಿಗೆ ಮೂವತ್ತನಾಲ್ಕು ದಿನ. ನಿನ್ನೆಗೂ ಮೂವತ್ತಮೂರು ಆಗಿತ್ತು. ಕ್ಷಮಾ, ನೀನು ಎಂತ ಹೇಳಿದ್ದು?"

ಕ್ಷಮಾ ಬಾಗಿಲ ಹತ್ತಿರ ನಿಂತಿದ್ದಳು. "ನಮ್ಮ ಲೆಕ್ಕದಲ್ಲಿ ಅಂತ ಹೇಳಿದ್ದೆ."

"ಲೆಕ್ಕ ಅಂದ್ರೆ ಲೆಕ್ಕ."

"ಅದು ವರದಿಯ ಲೆಕ್ಕ, ಅಪ್ಪ. ಎಲ್ಲ ಕಡೆ ಒಂದೇ ಥರ ಎಣಿಸಬೇಕು ಅಂತ ಇಟ್ಟ ರೂಲು. ಕೋರ್ಟಿಗೆ ಅದು ಲಾಗು ಆಗುವುದಿಲ್ಲ. ಆ್ಯಕ್ಸಿಡೆಂಟಿಂದ ಸತ್ರೆ ಯಾವಾಗ ಸತ್ರೂ ಕೇಸು ಕೇಸೇ."

"ಇದನ್ನು ಆಗ ಯಾಕೆ ಬಿಡಿಸಿ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ. ಅಣ್ಣ ಊಟ ಮಾಡ್ತಿದ್ದ ಅವತ್ತು. ಮೂವತ್ತು ದಿನ ಅಂದ ಮೇಲೆ ಎಲ್ಲರ ಮುಖ ಸ್ವಲ್ಪ ಸರಿಯಾಯ್ತು. ಹಾಗೇ ಇರಲಿ ಅನ್ನಿಸ್ತು."

ಸರೋಜಿನಿ ನೆಲದ ಮೇಲಿಂದಲೇ ಕೇಳಿದಳು, "ಹಾಗಾದ್ರೆ ನಿನ್ನ ಲಿಸ್ಟಿನಲ್ಲಿ ಅವನು ಈಗ ಸತ್ತದ್ದು ಅಂತ ಬರ್ತದಾ?"

"ಇಲ್ಲಮ್ಮ. ಕ್ಲೋಸ್ ಆಗಿದೆ. ಅಲ್ಲಿ ಬದುಕಿದ್ದಾರೆ ಅಂತಲೇ."

"ಅವನ ಹಾಗೆ ಇನ್ನು ಎಷ್ಟು ಜನ ಉಂಟು ಅದರಲ್ಲಿ?"

ಕ್ಷಮಾಳಿಗೂ ಗೊತ್ತಿರಲಿಲ್ಲ. ಮೂವತ್ತನೇ ದಿನದ ಮೇಲೆ ಯಾರೂ ಯಾರಿಗೂ ಫೋನ್ ಮಾಡುತ್ತಿರಲಿಲ್ಲ.

ಸಂಜೆ ವಕೀಲ ಬದರಿನಾಥರು ಬಂದರು. ಕನ್ನಡ ಸಂಘದ ಪರಿಚಯ, ಹಬ್ಬಕ್ಕೆ ಮನೆಗೆ ಬಂದು ಉಂಡು ಹೋಗುವ ಸ್ನೇಹ. ಠಾಣೆಯಲ್ಲಿ ವಿಚಾರಿಸಿಕೊಂಡೇ ಬಂದಿದ್ದರು. ಶುಕ್ರವಾರ ಸಂಜೆ ಹೆಂಡತಿ ನಳಿಗೆಯಲ್ಲಿ ಹಾಲು ಕೊಟ್ಟಿದ್ದಾಳೆ, ಮಲಗಿಸಿಯೇ ಕೊಟ್ಟಿದ್ದಾಳೆ. ಹಾಲು ಶ್ವಾಸಕೋಶಕ್ಕೆ ಇಳಿದಿದೆ, ಹತ್ತು ನಿಮಿಷದಲ್ಲಿ ಎಲ್ಲ ಮುಗಿದಿದೆ.

"ಇದು ನಮಗೆ ಒಂದು ದಾರಿ" ಎಂದರು ಬದರಿನಾಥರು ಚಹಾ ಕುಡಿಯುತ್ತಾ. "ಸಾವು ಆ್ಯಕ್ಸಿಡೆಂಟಿಂದ ಅಲ್ಲ, ಹೆಂಡತಿಯ ಅಜಾಗರೂಕತೆಯಿಂದ ಅಂತ ವಾದ ಮಾಡಬಹುದು. ಅವನ ಅಣ್ಣನೂ ಹಾಗೇ ಹೇಳ್ತಿದ್ದಾನಂತೆ, ಇವಳೇ ಕೊಂದಳು ಅಂತ. ಸೋಮವಾರ ಅವನ ಹೇಳಿಕೆ ತಗೊಳ್ತಾರೆ. ಆಯಾ ವಿಷಯ ಮಾತ್ರ ನಾವಾಗಿ ಎತ್ತೋದು ಬೇಡ. ಫೋನಲ್ಲಿ ಮಾತಾಡಿದ್ದು, ಕಾಗದ ಏನೂ ಇಲ್ಲ. ನಾವೇ ನಿಲ್ಲಿಸಿದ್ದು ಅಂತ ಅವರ ಕಡೆಗೆ ಗೊತ್ತಾದರೆ, ಆರೈಕೆ ತಪ್ಪಿಸಿದವರೂ ನಾವೇ ಅಂತ ತಿರುಗಿಬಿಡ್ತದೆ."

"ಗುದ್ದಿದ್ದು ನಾನು" ಎಂದ ವೈಭವ್.

"ನೀನು ಸುಮ್ಮನಿರು" ಎಂದರು ರತ್ನಾಕರರು.

"ಮೂವತ್ತು ದಿನದಿಂದ ಸುಮ್ಮನಿದ್ದೇನೆ ಅಪ್ಪ."

ಬದರಿನಾಥರು ಬಿಸ್ಕತ್ತು ಎತ್ತಿಕೊಳ್ಳುತ್ತಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

ಭಾನುವಾರ ಬೆಳಿಗ್ಗೆ ಸರೋಜಿನಿ ಬಿಳಿ ಹತ್ತಿ ಸೀರೆ ಉಟ್ಟು ಹೊರಟಾಗ ರತ್ನಾಕರರು ಬಾಗಿಲಿಗೆ ಅಡ್ಡ ಬಂದರು.

"ಹೋಗುವುದು ಬೇಡ ಅಂತ ನಾನು ಹೇಳುವುದಿಲ್ಲ. ಸತ್ತ ಮನೆ, ಹೋಗಬೇಕಾದ್ದೇ. ಆದರೆ ಆಯಾ ಮಾತು ಬಂದರೆ ನಿನಗೆ ಗೊತ್ತಿಲ್ಲ. ತಿಳಿಯಿತಾ?"

"ಮಿನೋತಿಯ ಮೇಲೆ ಹಾಕುವುದಾ ನಾವು?"

"ನಾವು ಹಾಕುವುದಲ್ಲ, ಅವರ ಮನೆಯವರೇ ಹಾಕ್ತಿದ್ದಾರೆ. ನಿನ್ನ ಮಗನ ಜೀವನ ಅದು, ಸರೋಜಿನಿ. ನಾನು ನನಗೋಸ್ಕರ ಕೇಳುವುದಲ್ಲ." ಹೇಳುತ್ತಾ ಅವರ ದನಿ ಒಡೆಯಿತು. ನಲವತ್ತು ವರ್ಷದಲ್ಲಿ ಅವಳು ಅವರ ದನಿ ಒಡೆದದ್ದನ್ನು ಕೇಳಿದ್ದು ಎರಡೋ ಮೂರೋ ಸಲ. ಅವಳು ಹೂಂ ಎಂದಳು. ಮನಸ್ಸಿನಿಂದಲೇ ಹೂಂ ಎಂದಳು.

ನವ್ಯಾ ಜೊತೆಗೆ ಬಂದಳು. ಪೊಲಾಶ್‌ಹಾಟಿಯ ದಾರಿಯಲ್ಲಿ ಟೋಟೋ ಒಂದು ಕಡೆ ನಿಧಾನಿಸಿದಾಗ ನವ್ಯಾ ರಸ್ತೆಯ ಅಂಚನ್ನು ನೋಡಿ ಮುಖ ಆಚೆ ತಿರುಗಿಸಿದಳು. ಅದೇ ಜಾಗ ಎಂದು ಸರೋಜಿನಿಗೆ ತಿಳಿಯಿತು. ಅಲ್ಲಿ ಈಗ ಯಾವ ಗುರುತೂ ಇರಲಿಲ್ಲ, ಬೋರ್ಡೂ ಇರಲಿಲ್ಲ. ಲಾರಿಗಳು ಮೊದಲಿನಂತೆಯೇ ಓಡುತ್ತಿದ್ದವು.

ಅಂಗಳದಲ್ಲಿ ಏಳೆಂಟು ಗಂಡಸರು ಚಾಪೆಯ ಮೇಲೆ ಕೂತಿದ್ದರು. ನಿಮಾಯಿಯ ಅಣ್ಣ ನಡುವೆ ಇದ್ದ, ಅಗಲ ಎದೆಯ ಮನುಷ್ಯ. ಇವರನ್ನು ನೋಡಿ ಏಳಲಿಲ್ಲ. ಜಗಲಿಯ ಮೂಲೆಯಲ್ಲಿ ಮಿನೋತಿಯ ಅತ್ತೆ ಮುದುಕಿ ಗೋಡೆಗೆ ತಿರುಗಿ ಮಲಗಿದ್ದಳು. ಒಳಗೆ, ದಿಂಬುಗಳನ್ನೆಲ್ಲ ತೆಗೆದು ಬರಿದಾದ ಮಂಚದ ಪಕ್ಕ, ನೆಲದ ಮೇಲೆ ಮಿನೋತಿ ಕೂತಿದ್ದಳು. ಅಂಚಿಲ್ಲದ ಬಿಳಿ ಸೀರೆ. ಕೈಯಲ್ಲಿ ಮುತ್ತೈದೆಯ ಶಂಖದ ಬಳೆಯೂ ಇಲ್ಲ, ಕೆಂಪು ಬಳೆಯೂ ಇಲ್ಲ. ಅವಳ ಹತ್ತಿರ ಯಾರೂ ಕೂತಿರಲಿಲ್ಲ. ಸತ್ತ ಮನೆಯಲ್ಲಿ ವಿಧವೆಯನ್ನು ಹೀಗೆ ಒಂಟಿಯಾಗಿ ಬಿಟ್ಟದ್ದನ್ನು ಕಂಡೇ ಸರೋಜಿನಿಗೆ ಆ ಮನೆಯ ಪರಿಸ್ಥಿತಿ ಅರ್ಥವಾಯಿತು. ಅವಳು ಹೋಗಿ ಪಕ್ಕದಲ್ಲಿ ಕೂತಳು. ಮಿನೋತಿ ಅಳಲಿಲ್ಲ. ಅಳು ಮುಗಿದುಹೋದವಳ ಹಾಗಿದ್ದಳು.

ಅವಳೇ ಮೊದಲು ಮಾತಾಡಿದಳು. "ಮಾಶಿಮಾ, ಒಂದು ಕೇಳಲಾ?"

"ಕೇಳು."

"ಮಂಗಳವಾರ ಒಂದು ಫೋನ್ ಬಂದಿತ್ತು. ಹುಡುಗಿಯ ದನಿ. ಪೇಷಂಟ್ ಹೇಗಿದ್ದಾರೆ, ಇದ್ದಾರಾ ಅಂತ ಕೇಳಿದಳು. ನಾನು ಖುಷಿಯಲ್ಲಿದ್ದೆ, ಅವತ್ತು ಬೆಳಿಗ್ಗೆ ಇವರು ನನ್ನ ಹೆಸರು ಹೇಳುವ ಹಾಗೆ ತುಟಿ ಅಲ್ಲಾಡಿಸಿದ್ದರು. ಇದ್ದಾರೆ, ಚೆನ್ನಾಗಿದ್ದಾರೆ ಅಂದೆ. ಮಾರನೇ ದಿನದಿಂದ ಆಯಾ ಬರಲಿಲ್ಲ."

ಸರೋಜಿನಿ ಅವಳ ಕೈ ಹಿಡಿದುಕೊಂಡಳು.

"ಚೆನ್ನಾಗಿದ್ದಾರೆ ಅನ್ನಬಾರದಿತ್ತಾ? ಇನ್ನೂ ಕಷ್ಟ ಇದೆ ಅಂದಿದ್ದರೆ ಆಯಾನ ಕಳಿಸ್ತಿದ್ದರಾ? ಭಾವ ಕೇಳ್ತಾರೆ, ನೀನು ಏನಂದೆ ಅವರಿಗೆ, ಯಾಕೆ ಆಯಾ ನಿಂತಳು ಅಂತ. ಅತ್ತೆ ಹೇಳ್ತಾರೆ, ನೀನೇ ಬೇಡ ಅಂದಿರ್ತೀಯ, ನೀನೇ ಕೊಂದೆ ಅಂತ. ಎರಡು ದಿನದಿಂದ ಅದೇ ಯೋಚನೆ ಮಾಡ್ತಿದ್ದೀನಿ. ನನ್ನ ಮಾತಿಂದಲೇ ಹೀಗಾಯ್ತಾ?"

ನವ್ಯಾ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. "ಅತ್ತೆ" ಎಂದಳು ಮೆಲ್ಲಗೆ, ಕನ್ನಡದಲ್ಲಿ. ಹೇಳಬೇಡಿ ಎಂದಳೋ ಹೇಳಿ ಎಂದಳೋ ಸರೋಜಿನಿಗೆ ತಿಳಿಯಲಿಲ್ಲ, ತಿರುಗಿ ನೋಡಲೂ ಇಲ್ಲ. ಮಗನ ಮುಖ ಕಣ್ಣೆದುರಿಗೆ ಬಂತು. ಆ ಮುಖದ ಮೇಲೆ ಅವಳಿಗಿದ್ದ ಪ್ರೀತಿ ಎಳ್ಳಷ್ಟೂ ಕಡಿಮೆಯಾಗಲಿಲ್ಲ, ಅದೇ ಕಷ್ಟವಾಯಿತು. ಗೊತ್ತಿಲ್ಲ ಎನ್ನಲು ಬಂಗಾಳಿಯಲ್ಲಿ ಎರಡೇ ಪದ. ಅವು ಬಾಯಿಗೆ ಬಂದಿದ್ದವು ಕೂಡ.

"ನೀನಲ್ಲ" ಎಂದಳು. "ಆಯಾನ ನಿಲ್ಲಿಸಿದ್ದು ನಾವು. ನಮ್ಮ ಮನೆಯವರು ಫೋನ್ ಮಾಡಿ ಬೇಡ ಅಂದದ್ದು. ನಾನು ಅಲ್ಲೇ ನಿಂತಿದ್ದೆ."

ಮಿನೋತಿ ಅವಳನ್ನೇ ನೋಡಿದಳು. "ಯಾಕೆ?"

"ಮೂವತ್ತು ದಿನ ಆಗಿತ್ತು. ಮೂವತ್ತು ದಿನ ಬದುಕಿದರೆ ನಮ್ಮ ಹುಡುಗನಿಗೆ ಏನೂ ಆಗುವುದಿಲ್ಲ ಅಂದುಕೊಂಡಿದ್ದೆವು. ದಿನ ಎಣಿಸಿ ನಿಲ್ಲಿಸಿದೆವು. ಕೂರಿಸಿಯೇ ಕೊಡಬೇಕು ಅಂತ ಆಯಾ ನನಗೆ ಹೇಳಿದ್ದಳು. ನಾನು ನಿನಗೆ ಹೇಳಲಿಲ್ಲ."

ಹೊರಗೆ ಯಾರೋ ಕೆಮ್ಮಿದರು. ಮಿನೋತಿ ಸರೋಜಿನಿಯ ಕೈಯಿಂದ ತನ್ನ ಕೈಯನ್ನು ಬಿಡಿಸಿಕೊಂಡಳು. ಅವಳ ಮುಖದಲ್ಲಿ ಸಿಟ್ಟು ಬಂದದ್ದು ಆಮೇಲೆ, ನಿಧಾನವಾಗಿ. ಬಂದ ಮೇಲೆ ಅದು ಹೋಗಲಿಲ್ಲ. ಸರೋಜಿನಿ ಅದನ್ನು ನೋಡುತ್ತಾ ಕೂತಳು. ಕ್ಷಮಿಸು ಎನ್ನಬೇಕೆನಿಸಿತು, ಆದರೆ ಅದನ್ನು ಕೇಳುವುದೂ ಈ ಹೆಂಗಸಿನಿಂದ ಇನ್ನೊಂದೇನೋ ತೆಗೆದುಕೊಂಡ ಹಾಗೆ ಎಂದು ತೋರಿತು.

"ಇದನ್ನು ನನಗೆ ಹೇಳಿ ಏನು ಪ್ರಯೋಜನ?" ಎಂದಳು ಮಿನೋತಿ ಕೊನೆಗೆ. ಅವಳ ದನಿ ಗಟ್ಟಿಯಾಗಿತ್ತು. "ಅವರಿಗೆ ಹೇಳಿ. ಹೊರಗೆ ಕೂತಿದ್ದಾರಲ್ಲ, ಅವರೆಲ್ಲರಿಗೂ ಹೇಳಿ. ನಾಳೆ ಅವರು ಠಾಣೆಗೆ ಹೋಗ್ತಾರೆ."

ಸರೋಜಿನಿ ಮಂಚದ ಕಾಲು ಹಿಡಿದು ಎದ್ದಳು. ನವ್ಯಾ ಮುಂದೆ ಬಂದು ಅವಳ ತೋಳಿಗೆ ಆಸರೆ ಕೊಟ್ಟಳು. ಅಂಗಳಕ್ಕೆ ಇಳಿಯುವ ಮೆಟ್ಟಿಲ ಮೇಲೆ ನಿಂತಾಗ ಗಂಡಸರು ಮಾತು ನಿಲ್ಲಿಸಿ ತಲೆ ಎತ್ತಿದರು.

"ನಾನು ವೈಭವನ ತಾಯಿ" ಎಂದು ಅವಳು ಶುರು ಮಾಡಿದಳು.